ದಾರಿಯೂ ದಾಟುವಿಕೆಯೂ

ಒಂದೆಡೆಯಿಂದ ಮತ್ತೊಂದೆಡೆಯನ್ನು ಸೇರುವುದು ಬೇರೆ, ನಡುವಣ ದಾರಿಯನ್ನು ಕ್ರಮಿಸುವುದು ಬೇರೆ. ಲೋಕವ್ಯವಹಾರದಲ್ಲಿ ಇವೆರಡೂ ಕೂಡಿಯೇ ಇರುವುದರಿಂದ ಅವುಗಳ ಭೇದವು ನಮಗೆ ತೋರದು. ಆಟಗಳಲ್ಲಿ ಅವು ಬೇರ್ಪಡುತ್ತವೆ. ದಾರಿಯನ್ನು ತುಳಿಯದೆ ಗುರಿಯನ್ನು ಮುಟ್ಟಿದವನು ದಾರಿಯ ನಿಯಮಗಳಿಗೆ ಬದ್ಧನೇ? ಪ್ರಶ್ನೆಯು ಆಟದ್ದಾದರೂ ಅದರ ಬೇರು ನೀತಿಯಲ್ಲಿದೆ.

ದಾರಿಯ ಬೆಲೆಯೇನೆಂಬುದನ್ನು ತೊಪ್ಪೂರಿನವರಾದ ನಮಗೆ ಯಾರೂ ಹೇಳಬೇಕಾಗಿಲ್ಲ. 1790ರ ನವೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ಈ ಕಣಿವೆಯಿಂದಲೇ ಕೆಳನಾಡಿಗೆ ಇಳಿಯಿತು. ಎಷ್ಟು ದೊಡ್ಡ ದಳವಾದರೂ ಇಕ್ಕಟ್ಟಿನಲ್ಲಿ ಸಾಲುಗಟ್ಟಿಯೇ ಸಾಗಬೇಕು. ಬೆನ್ನಟ್ಟುವವನಿಗೆ ಅದೇ ಸಮಯ. ಇಂದು ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವ ಲಾರಿಯೂ ಪ್ರತಿಯೊಂದು ತಿರುವಿಗೆ ಲೆಕ್ಕವೊಪ್ಪಿಸಿಯೇ ಮುಂದುವರಿಯಬೇಕು.

1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವು ಇಂತಹ ಲೆಕ್ಕವನ್ನೇ ನಿಯಮವಾಗಿಸಿದೆ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ದಾಳವನ್ನು ಉರುಳಿಸುತ್ತಾರೆ. ಅದರ 2014ರ ಆವೃತ್ತಿಯಂತೆ ಮನುಷ್ಯಪಾತ್ರವು ಒಂದು ಸರದಿಯಲ್ಲಿ ಸಾಮಾನ್ಯವಾಗಿ 30 ಅಡಿ ನಡೆಯಬಹುದು. ಕಲ್ಲುಮುಳ್ಳಿನ ನೆಲವಾದರೆ ಒಂದಡಿಗೆ ಎರಡಡಿಯ ಖರ್ಚು. ವೈರಿಯ ಕೈಗೆಟಕುವ ಎಡೆಯಿಂದ ಸುಮ್ಮನೆ ಹೊರನಡೆದರೆ ಅವನಿಗೊಂದು ಹೊಡೆತದ ಅವಕಾಶ. ಆದರೆ ಮಂತ್ರಬಲದಿಂದ ಇಲ್ಲಿ ಮಾಯವಾಗಿ ಅಲ್ಲಿ ಮೂಡುವವನಿಗೆ ಇವಾವುವೂ ಇಲ್ಲ. ಅವನು ನಡೆದಿಲ್ಲ, ಆದುದರಿಂದ ನಡಿಗೆಯ ತೆರಿಗೆ ಅವನಿಗೆ ಸಲ್ಲದು.

ಇದು ಅನ್ಯಾಯವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಅವನು ಮಂತ್ರಶಕ್ತಿಯ ಒಂದು ಪಾಲನ್ನು ವ್ಯಯಿಸಿರುತ್ತಾನೆ. ಅಂತಹ ಒಂದು ಚಿಕ್ಕ ಮಂತ್ರಕ್ಕೆ 30 ಅಡಿಯ ಮಿತಿಯಿದೆ. ಸೇರುವ ಸ್ಥಳವು ಕಣ್ಣಿಗೆ ಕಾಣಬೇಕು, ಬರಿದಾಗಿರಬೇಕು. ದಾರಿಯ ಋಣ ತಪ್ಪಿತೇ ಹೊರತು ಗುರಿಯ ಋಣ ತಪ್ಪಲಿಲ್ಲ.

ನಮ್ಮ ಪರಮಪದ ಸೋಪಾನಪಟದಲ್ಲಿಯೂ ಹೀಗೆಯೇ. ಏಣಿಯೇರಿದ ಕಾಯಿಯನ್ನು ನಡುವಣ ಮನೆಗಳ ಹಾವು ನುಂಗದು. ಅದು ನಿಂತ ಮನೆಯೊಂದೇ ಲೆಕ್ಕಕ್ಕೆ ಬರುವುದು. ಚದುರಂಗವು ಇನ್ನೂ ಸೂಕ್ಷ್ಮವಾದುದು. ಕುದುರೆಯು ನಡುವೆ ಯಾರಿದ್ದರೂ ಹಾರಿಹೋಗುತ್ತದೆ. ಕೋಟೆ ಕಟ್ಟುವ ಅರಸನಾದರೋ ಎರಡು ಮನೆಗಳನ್ನು ಒಮ್ಮೆಗೇ ಸರಿದರೂ, ಅವನು ದಾಟುವ ಮನೆಯ ಮೇಲೆ ವೈರಿಯ ಕಾಯಿಯ ದಾಳಿಯಿದ್ದರೆ ಆ ನಡೆಯು ನಿಷಿದ್ಧ. ಒಬ್ಬನಿಗೆ ನಡುವಣ ಮನೆಯು ಇಲ್ಲದಂತೆ, ಇನ್ನೊಬ್ಬನಿಗೆ ಅದೇ ತಡೆ. ಹೀಗಿರಲು, ನೆಗೆತವು ಸರಿಯೇ ತಪ್ಪೇ ಎಂದು ಕೇಳುವುದಕ್ಕಿಂತ, ಈ ನೆಗೆತದಲ್ಲಿ ನಡುವಣದು ಲೆಕ್ಕಕ್ಕಿದೆಯೇ ಎಂದು ಕೇಳುವುದು ಉಚಿತ.

ಈ ಪ್ರಶ್ನೆಯನ್ನು ಶಾಲೆಗೆ ತಂದು ನೋಡೋಣ. ದಾರಿಗಳಲ್ಲಿ ಎರಡು ಬಗೆ. ಬರಿಯ ಅಡ್ಡಿಯಾದ ದಾರಿ ಒಂದು. ನಡೆಯುವವನನ್ನು ರೂಪಿಸುವ ದಾರಿ ಮತ್ತೊಂದು. ರೋಗಿಯನ್ನು ಆಸ್ಪತ್ರೆಗೆ ಕೊಂಡೊಯ್ಯುವವನಿಗೆ ಘಾಟಿಯು ಅಡ್ಡಿಯೇ. ಅದನ್ನು ಹಾರಿಸುವ ಮಂತ್ರವಿದ್ದರೆ ಬೇಡವೆನ್ನುವ ಧರ್ಮವಾವುದು? ಲೆಕ್ಕದ ಉತ್ತರವನ್ನು ಪುಸ್ತಕದ ಕೊನೆಯ ಪುಟದಿಂದಲೋ ಯಂತ್ರದಿಂದಲೋ ಪಡೆದ ವಿದ್ಯಾರ್ಥಿಯ ಸ್ಥಿತಿ ಹಾಗಲ್ಲ. ಅವನು ಸೇರಿದ ಸ್ಥಳ ಸರಿಯಾದುದೇ. ಆದರೆ ಅಲ್ಲಿಗೆ ಬರಬೇಕಾಗಿದ್ದವನು ಬಂದಿಲ್ಲ. ಹೆಜ್ಜೆಹೆಜ್ಜೆಗೂ ಎಡವಿ ತಿದ್ದಿಕೊಳ್ಳುವ ಬುದ್ಧಿಯೇ ಆ ಲೆಕ್ಕದ ನಿಜವಾದ ಫಲವಾಗಿತ್ತು.

ನಿಯಮವು ಅನುಮತಿಸಿದುದೆಲ್ಲವೂ ಲಾಭಕರವಲ್ಲ. ದಾರಿಯನ್ನು ಬಿಟ್ಟುದೆಲ್ಲವೂ ಮೋಸವೂ ಅಲ್ಲ. ಯಾವ ದಾರಿಯು ಅಡ್ಡಿ, ಯಾವುದು ಗುರು ಎಂಬ ವಿವೇಕವನ್ನು ಯಾವ ನಿಯಮಪುಸ್ತಕವೂ ಕೊಡಲಾರದು. ಅದನ್ನು ಕಲಿಸುವುದು ಉಪಾಧ್ಯಾಯರ ಕೆಲಸ, ಆರಿಸುವುದು ವಿದ್ಯಾರ್ಥಿಯದು.