ಬೆಳ್ಳಟ್ಟಿಯಿಂದ ನೋಡಿದ ರೆನಾನ್

ಬೆಳ್ಳಟ್ಟಿ ಇರುವ ಶಿರಹಟ್ಟಿ ಸೀಮೆ ಒಂದು ಕಾಲಕ್ಕೆ ಸಾಂಗ್ಲಿ ಸಂಸ್ಥಾನದ್ದು. ಪಕ್ಕದ ಲಕ್ಷ್ಮೇಶ್ವರ ಮಿರಜಿನದು, ಗದಗ ಮುಂಬೈ ಪ್ರಾಂತ್ಯದ್ದು. 1948ರಲ್ಲಿ ಸಂಸ್ಥಾನಗಳು ಮುಂಬೈಯಲ್ಲಿ ವಿಲೀನವಾದವು. 1956ರಲ್ಲಿ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು, 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆ ಹುಟ್ಟಿತು. ಹೊಲ ಬಿಟ್ಟು ಕದಲದ ರೈತನಿಗೂ ನಾಲ್ಕು ಸಲ ವಿಳಾಸ ಬದಲಾಯಿತು. ಹಾಗಾದರೆ ‘ನಾವು ಈ ನಾಡಿನವರು’ ಎಂಬ ಮಾತಿಗೆ ಆಧಾರ ಯಾವುದು?

ಫ್ರಾನ್ಸಿನ ಚಿಂತಕ ಅರ್ನೆಸ್ಟ್ ರೆನಾನ್ 1882ರಲ್ಲಿ ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಮಾಡಿದ ಭಾಷಣದ ವಿಷಯ ಇದೇ. 1871ರಲ್ಲಿ ಜರ್ಮನಿ ಆಲ್ಸೇಸ್ ಪ್ರಾಂತ್ಯವನ್ನು ಕಿತ್ತುಕೊಂಡಿತ್ತು. ಅಲ್ಲಿನವರ ರಕ್ತ, ಭಾಷೆ ಜರ್ಮನ್ ಎಂಬುದು ಅದರ ವಾದ. ರೆನಾನ್ ಒಪ್ಪಲಿಲ್ಲ. ಜನಾಂಗದಿಂದ ರಾಷ್ಟ್ರ ಆಗುವುದಿಲ್ಲ. ಹಂಚಿಕೊಂಡ ನೆನಪು ಮತ್ತು ಕೂಡಿ ಬಾಳುವ ಇಂದಿನ ಒಪ್ಪಿಗೆ, ಇವೆರಡೇ ರಾಷ್ಟ್ರವನ್ನು ಕಟ್ಟುವುದು ಎಂದ. ಜತೆಗೆ ಇನ್ನೊಂದು ಮಾತು ಸೇರಿಸಿದ: ಒಂದಾಗಬೇಕಾದರೆ ಹಳೆಯ ಹಿಂಸೆಯನ್ನು ಮರೆಯಲೂಬೇಕು. 1572ರ ಪ್ಯಾರಿಸ್ ಹತ್ಯಾಕಾಂಡವನ್ನು ಫ್ರೆಂಚರು ಮರೆತಿರಬೇಕು ಎಂಬುದು ಅವನ ಉದಾಹರಣೆ. ನನಗೆ ತಕರಾರಿರುವುದು ಇಲ್ಲೇ.

ಅದೇ 1871ರಲ್ಲಿ ಬ್ರಿಟಿಷರು ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕೆಲವು ಅಲೆಮಾರಿ ಜಾತಿಗಳು ಹುಟ್ಟಿನಿಂದಲೇ ಕಳ್ಳರು ಎನ್ನುವ, ಜನಾಂಗದ ಲೆಕ್ಕಾಚಾರವೇ ಆದ ಕಾಯ್ದೆ ಅದು. ಮುಂದೆ ಮುಂಬೈ ಪ್ರಾಂತ್ಯದಲ್ಲಿ ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಈ ಜಾತಿಗಳವರನ್ನು ಕೂಡಿಹಾಕುವ ಸೆಟ್ಲಮೆಂಟ್‌ಗಳಾದವು. ಒಳಗಿದ್ದವರಿಗೆ ಹಾಜರಿ ತಪ್ಪುತ್ತಿರಲಿಲ್ಲ, ಪಾಸ್ ಇಲ್ಲದೆ ಹೊರಗೆ ಹೆಜ್ಜೆ ಇಡುವಂತಿರಲಿಲ್ಲ. ಮಗು ಯಾವ ತಪ್ಪೂ ಮಾಡುವ ಮೊದಲೇ ಅದರ ಕುಲಕ್ಕೆ ಕಳಂಕ ಅಂಟಿರುತ್ತಿತ್ತು. 1952ರಲ್ಲಿ ದೇಶದಾದ್ಯಂತ ಕಾಯ್ದೆ ರದ್ದಾಯಿತು, ಜನ ‘ವಿಮುಕ್ತ’ರಾದರು. ಗದಗಿನ ಅವಳಿ ಊರಾದ ಬೆಟಗೇರಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಉಳಿದಿದೆ. ಊರಿನ ಉಳಿದವರಿಗೆ ಅದು ಬರೀ ಒಂದು ಓಣಿ. ಅಲ್ಲಿನವರಿಗೆ ಅಜ್ಜನ ಹಾಜರಿ ಪುಸ್ತಕ. ರೆನಾನ್ ಹೇಳುವ ಮರೆವು ಇಲ್ಲಿ ಯಾರಿಗೆ ಸುಲಭ, ಯಾರಿಗೆ ಕಷ್ಟ ಎಂದು ವಿವರಿಸಬೇಕಿಲ್ಲ.

ಲಂಬಾಣಿಗರದು ಬೇರೆ ಕಥೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದವರು, ರೈಲು ಬಂದು ಆ ಕಸುಬು ಬಿದ್ದಮೇಲೆ ತಾಂಡಾಗಳಲ್ಲಿ ನೆಲೆನಿಂತರು. ಮನೆಯಲ್ಲಿ ಗೋರ್‌ಬೋಲಿ, ಸಂತೆಯಲ್ಲಿ ಕನ್ನಡ. ಇಷ್ಟು ತಲೆಮಾರು ಕಳೆದರೂ ‘ನಿಮ್ಮ ಮೂಲ ಎಲ್ಲಿ?’ ಎಂಬ ಪ್ರಶ್ನೆ ಅವರಿಗೆ ತಪ್ಪಿಲ್ಲ. ಹಾಗೆ ಕೇಳಿದವನೇ ಮಳೆ ಕೈಕೊಟ್ಟ ವರ್ಷ ದುಡಿಯಲು ಗೋವಾಕ್ಕೆ ಹೋದರೆ ಅಲ್ಲಿ ‘ಘಾಟಿ’ ಎನಿಸಿಕೊಳ್ಳುತ್ತಾನೆ. ಘಟ್ಟ ಇಳಿದು ಬಂದವನೆಂದು ಹೀಗಳೆಯುವ ಮಾತು ಅದು. ಅವನ ಒಪ್ಪಿಗೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಜನಾಂಗದ ವಿಷಯದಲ್ಲಿ ರೆನಾನ್ ಸರಿ. ಒಪ್ಪಿಗೆಯ ವಿಷಯದಲ್ಲಿ ಅವನ ಮಾತು ಅರ್ಧಕ್ಕೆ ನಿಂತಿದೆ: ಬಂದವನು ಒಪ್ಪಿದರೆ ಸಾಲದು, ಮೊದಲಿಂದ ಇದ್ದವರೂ ಒಪ್ಪಬೇಕು. ಮರೆವಿನ ವಿಷಯದಲ್ಲಂತೂ ಬೆಟಗೇರಿಯವರನ್ನು ಕೇಳದೆ ಅವನ ಮಾತಿಗೆ ತಲೆದೂಗಲಾರೆ.