ಕೂರಿಗೆ ಬಟ್ಟಲಿನ ತೂತು

ಮುಂಗಾರಿಗೆ ಮುಂಚೆ ಹೊಸದುರ್ಗ, ಹೊಳಲ್ಕೆರೆ ಸೀಮೆಯ ಬಡಗಿಗೆ ಪುರುಸೊತ್ತೆಂಬುದೇ ಇರುತ್ತಿರಲಿಲ್ಲ. ಕುಂಟೆ, ನೇಗಿಲು ರಿಪೇರಿಗೆ ಬಂದರೆ ಮಾತಾಡುತ್ತಲೇ ಮುಗಿಸಿ ಕಳಿಸಬಹುದು. ಬೀಜ ಬಿತ್ತುವ ಕೂರಿಗೆಗೆ ಹೊಸ ಬಟ್ಟಲು ಎಂದರೆ ಮಾತ್ರ ಬೀಡಿ ಆರಿಸಿ, ನೆಟ್ಟಗೆ ಕೂತು ಮಾಡುವ ಕೆಲಸ.

ಬಟ್ಟಲಿನ ತಳದಲ್ಲಿ ಸುತ್ತಲೂ ತೂತುಗಳು. ಒಂದೊಂದಕ್ಕೂ ಒಂದು ಬಿದಿರಿನ ಕೊಳವೆ, ಅದರ ಇನ್ನೊಂದು ತುದಿ ನೆಲದಲ್ಲಿ ಸಾಲು ಸೀಳುವ ತಾಳಿನ ಬುಡಕ್ಕೆ. ಬಿತ್ತುವ ಹೆಂಗಸು ಉಡಿಯಿಂದ ಬೀಜ ತೆಗೆದು, ಎತ್ತು ನಡೆದಂತೆಲ್ಲ ಬೆರಳ ಸಂದಿಯಿಂದ ಬಟ್ಟಲಿಗೆ ಬಿಡುತ್ತಾಳೆ. ಅಲ್ಲಿಂದ ಮುಂದೆ ಹಂಚುವುದು ತೂತಿನ ಕೆಲಸ. ಒಂದು ತೂತು ಚೂರು ದೊಡ್ಡದಾದರೆ ಆ ಸಾಲು ಒತ್ತಾಗುತ್ತದೆ, ಪಕ್ಕದ್ದು ತೆಳುವಾಗುತ್ತದೆ. ಒಳಗೆ ಸಿಬಿರು ಉಳಿದಿದ್ದರೆ ಸಾವೆ, ನವಣೆಯಂಥ ಸಣ್ಣ ಕಾಳೂ ಸಿಕ್ಕಿಕೊಳ್ಳುತ್ತದೆ. ಬಡಗಿಯ ತಪ್ಪು ಅವನ ಅಂಗಳದಲ್ಲಿ ಯಾರಿಗೂ ಕಾಣದು. ಮೊಳಕೆ ಬಂದ ಮೇಲೆ ಹೊಲದ ಉದ್ದಕ್ಕೂ ಊರೆಲ್ಲ ನೋಡುತ್ತದೆ.

ಆರು ತೂತು ಸಮನಾಗಿ ಹಂಚಲು ಲೆಕ್ಕ ಬೇಡ. ವೃತ್ತ ಎಳೆದ ಕೈವಾರವನ್ನು ಅಗಲಿಸದೆ, ಕುಗ್ಗಿಸದೆ ಅದೇ ಗೆರೆಯ ಮೇಲೆ ಇಡುತ್ತ ಹೋದರೆ ಆರನೆಯ ಗುರುತು ಹೊರಟಲ್ಲಿಗೇ ಬಂದು ಕೂಡುತ್ತದೆ. ಹನ್ನೆರಡು ತಾಳಿನ ಕೂರಿಗೆಗಾದರೆ ನಡುನಡುವೆ ಇನ್ನೊಂದೊಂದು.

ಕಷ್ಟ ಇರುವುದು ಕೊರೆಯುವುದರಲ್ಲಿ. ಕೊಳವೆಗಳು ಕೆಳಗೆ ಅಗಲವಾಗಿ ಹರಡಬೇಕಾದ್ದರಿಂದ ತೂತು ಓರೆಯಾಗಿರಬೇಕು. ಮೊದಲಿಗೇ ಓರೆ ಹಿಡಿದರೆ ಮೊನೆ ಜಾರುತ್ತದೆ. ದಬ್ಬಣದಲ್ಲಿ ಒಂದು ಚುಕ್ಕೆ ಕುತ್ತಿ, ಬೈರಿಗೆಯನ್ನು ಮರಕ್ಕೆ ಲಂಬವಾಗಿ ನಿಲ್ಲಿಸಿ, ಮೊನೆ ಕಚ್ಚಿಕೊಂಡ ಮೇಲೆ ಮೆಲ್ಲಗೆ ವಾಲಿಸಬೇಕು. ಮರವೂ ಸುಮ್ಮನಿರುವುದಿಲ್ಲ: ಎಳೆಯ ಮೆತ್ತನೆ ಭಾಗ ಸಿಕ್ಕರೆ ಮೊನೆ ಆ ಕಡೆಗೇ ಎಳೆಯುತ್ತದೆ. ಆಚೆ ಬದಿ ಸೀಳಬಾರದೆಂದರೆ ಅಡಿಗೆ ಇನ್ನೊಂದು ಮರದ ತುಂಡು ಒತ್ತಿಟ್ಟಿರಬೇಕು.

ಈಗ ಅಂಗೈಯಲ್ಲಿ ಹಿಡಿಯುವ ರೋಟರಿ ಟೂಲ್ ಬಂದಿದೆ. ನಿಮಿಷಕ್ಕೆ 30,000 ಸುತ್ತು ತಿರುಗುವಂಥವೂ ಇವೆ. ಬಿಲ್ಲಿನ ಹಗ್ಗದಲ್ಲಿ ಅತ್ತ ಇತ್ತ ತಿರುಗುತ್ತಿದ್ದ ಬೈರಿಗೆಗೂ ಇದಕ್ಕೂ ಎಲ್ಲಿಯ ಹೋಲಿಕೆ! ಆದರೂ ಆ ಚುಕ್ಕೆ, ಆ ಲಂಬ, ಆ ಅಡಿಮರ ಯಾವುದನ್ನೂ ಈ ಯಂತ್ರ ಬಿಡಿಸಿಲ್ಲ. ಬದಲಿಗೆ ಹೊಸದೊಂದು ತಾಪತ್ರಯ ಸೇರಿಸಿದೆ. ಪೂರ್ತಿ ವೇಗದಲ್ಲಿ ಒತ್ತಿ ಹಿಡಿದರೆ ಹೊಟ್ಟು ಹೊರಬರಲಾಗದೆ ತೂತಿನೊಳಗೇ ಬಿಸಿಯಾಗಿ, ಸುಟ್ಟ ವಾಸನೆ ಬಂದು, ಅಂಚು ಕಪ್ಪಾಗುತ್ತದೆ. ಒಂದು ಮಿಲಿಮೀಟರಿನ ಬಿಟ್ ಆದರೆ ಪಟ್ಟನೆ ಮುರಿಯುತ್ತದೆ. ವೇಗ ತಗ್ಗಿಸಿ, ಚೂರು ಚೂರೇ ಇಳಿಸಿ, ಮೇಲಕ್ಕೆತ್ತಿ ಹೊಟ್ಟು ಬಿಡಿಸುತ್ತಿರಬೇಕು. ದುಡ್ಡು ಕೊಟ್ಟು ವೇಗ ಕೊಂಡವನು ಅದನ್ನು ಬಳಸದಿರುವುದನ್ನೇ ಮೊದಲು ಕಲಿಯಬೇಕೆಂಬುದು ನನಗೆ ತಮಾಷೆಯಾಗಿ ಕಾಣುತ್ತದೆ.

ತೂತಿನಿಂದ ಮತ್ತೆ ಕೂರಿಗೆಗೆ ಬಂದರೆ, ಬೀಜ ಬಿತ್ತುವ ಯಂತ್ರ ಎಂದೊಡನೆ 1701ರ ಇಂಗ್ಲೆಂಡಿನ ಜೆಥ್ರೊ ಟಲ್ ಹೆಸರು ಹೇಳುವುದು ರೂಢಿ. ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಥಾಮಸ್ ಹ್ಯಾಲ್‌ಕಾಟ್ ಕೂಡ ಅದು ಯುರೋಪಿನ ಹೊಸ ಆವಿಷ್ಕಾರ ಎಂದೇ ತಿಳಿದಿದ್ದ. ದಕ್ಷಿಣ ಭಾರತದ ಹೊಲವೊಂದರಲ್ಲಿ ರೈತರು ಕೂರಿಗೆ ಹೂಡಿದ್ದನ್ನು ಕಂಡು ಬೆರಗಾಗಿ ಬರೆದ. 1797ರ ಆ ಬರಹವನ್ನು ಇತಿಹಾಸಕಾರ ಧರಂಪಾಲ್ 1971ರ ತಮ್ಮ ಸಂಕಲನದಲ್ಲಿ ಮತ್ತೆ ಅಚ್ಚು ಹಾಕಿಸಿದರು. ಟಲ್‌ನದು ತಾನೇ ಬೀಜ ಅಳೆದು ಬಿಡುವ ಯಂತ್ರ. ನಮ್ಮದರಲ್ಲಿ ಅಳತೆ ಹೆಣ್ಣಿನ ಕೈಯದು, ಹಂಚಿಕೆ ಬಡಗಿಯದು. ಹೀಗೆ ಇಬ್ಬರ ನಡುವೆ ಕೆಲಸ ಹಂಚಿದ್ದರಿಂದಲೇ ಕೂರಿಗೆ ಅಷ್ಟು ಅಗ್ಗವಾಗಿ, ಊರಲ್ಲೇ ರಿಪೇರಿಯಾಗುವಂತೆ ಉಳಿಯಿತು.

ಹಿರಿಯೂರು, ಚಿತ್ರದುರ್ಗದ ಹೊಲಗಳಲ್ಲಿ ಈಗ ಟ್ರ್ಯಾಕ್ಟರ್ ಕೂರಿಗೆ ಓಡಾಡುತ್ತದೆ. ತಾಳು ಕಬ್ಬಿಣದ್ದು, ಕೊಳವೆ ಪ್ಲಾಸ್ಟಿಕ್ಕಿನದು. ಮುಂದೆ ನೋಡಿ ಓಡಿಸುವ ಡ್ರೈವರಿಗೆ ಹಿಂದೆ ಯಾವ ತೂತು ಕಟ್ಟಿತೆಂಬುದು ತಿಳಿಯುವುದಿಲ್ಲ. ಅದಕ್ಕೇ ಎಷ್ಟೋ ಕಡೆ ಕೂರಿಗೆಯ ಮೇಲೆ ಆಳುಗಳು ಕೂತು, ಬಟ್ಟಲಿಗೆ ಕೈಯಲ್ಲೇ ಬೀಜ ಬಿಡುತ್ತ, ಕೊಳವೆಗಳ ಮೇಲೆ ಕಣ್ಣಿಟ್ಟಿರುತ್ತಾರೆ.