ಕಾದ ಉಕ್ಕು ಮತ್ತು ತಿತಿಕ್ಷೆ

ಕಾದ ಕಬ್ಬಿಣದ ಗುಂಡು ಬೆಂಕಿಯಂತೆ ಸುಡುತ್ತದೆ, ಬೆಂಕಿಯೂ ಗುಂಡಿನಂತೆ ದುಂಡಗೆ ತೋರುತ್ತದೆ. ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೊರಿಸಿ ತಿಳಿಯುವ ಅಧ್ಯಾಸವೆಂಬ ತಪ್ಪನ್ನು ವಿವರಿಸಲು ವೇದಾಂತಿಗಳು ಕೊಡುವ ಈ ದೃಷ್ಟಾಂತಕ್ಕೆ ತಪ್ತಾಯಃಪಿಂಡ ನ್ಯಾಯವೆಂದು ಹೆಸರು. ಆತ್ಮ ಮತ್ತು ಅಂತಃಕರಣಗಳ ಬೆರಕೆಯನ್ನು ಬಿಡಿಸಿ ತೋರಿಸಲು ಇದು ಸಾಕಾದರೂ, ಕಾದ ಕಬ್ಬಿಣಕ್ಕೆ ಆಮೇಲೆ ಏನಾಗುತ್ತದೆಂದು ಅದು ಕೇಳುವುದಿಲ್ಲ. ತಾಪ ತಟ್ಟಿದ ಮನಸ್ಸಿನ ವಿಷಯದಲ್ಲಿ ಸಾಧಕನಿಗೆ ಅದೇ ದೊಡ್ಡ ಪ್ರಶ್ನೆ.

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಇದೇ ತಾಲ್ಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರಿಂದ ಇಂಚಗೇರಿ ಸಂಪ್ರದಾಯ ಬೆಳೆಯಿತು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ಗುರುದೇವ ರಾನಡೆಯವರು ಅವರ ಶಿಷ್ಯರು.

ಕಾದ ಕಬ್ಬಿಣಕ್ಕೆ ಆಮೇಲೆ ಏನಾಗುತ್ತದೆಂಬುದನ್ನು ಎಂಜಿನ್ನಿನಲ್ಲಿ ನೋಡಬಹುದು. ಅದರಲ್ಲಿ ಉರಿದ ಅನಿಲವನ್ನು ಹೊರಬಿಡುವ ವಾಲ್ವ್ ಸುಮಾರು 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಲ್ಲದು. ಬರಿಯ ಕಬ್ಬಿಣ ಆ ಕಾವಿನಲ್ಲಿ ಪದರ ಪದರವಾಗಿ ಕಿಟ್ಟಗಟ್ಟಿ ಉದುರುತ್ತದೆ. ಆದ್ದರಿಂದ ಹೆಚ್ಚು ದುಡಿಯುವ ಎಂಜಿನ್ನುಗಳ ವಾಲ್ವಿಗೆ ಸುಮಾರು ಶೇ. 21 ಕ್ರೋಮಿಯಂ, ಶೇ. 9 ಮ್ಯಾಂಗನೀಸ್, ಶೇ. 4 ನಿಕ್ಕೆಲ್ ಬೆರೆತ ಉಕ್ಕನ್ನು ಬಳಸುವುದುಂಟು. ಇದರೊಳಗಿನ ಕ್ರೋಮಿಯಂ ಆಮ್ಲಜನಕದೊಡನೆ ಮೊದಲು ತಾನೇ ಕೂಡಿ, ತೆಳುವಾದ, ಒತ್ತಾದ ಆಕ್ಸೈಡ್ ಪೊರೆಯಾಗಿ ಮೇಲ್ಮೈಯನ್ನು ಮುಚ್ಚುತ್ತದೆ, ಅದರಿಂದ ಒಳಗಿನ ಉಕ್ಕಿನ ಸುಡುವಿಕೆ ತೀರ ನಿಧಾನವಾಗುತ್ತದೆ. ಬೆಂಕಿಯನ್ನು ತಡೆಯುವ ಪೊರೆ ಹುಟ್ಟುವುದು ಬೆಂಕಿಯ ಸಂಗದಿಂದಲೇ ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ದುಃಖವನ್ನು ಪ್ರತೀಕಾರವಿಲ್ಲದೆ, ಗೋಳಾಡದೆ ಸಹಿಸುವ ತಿತಿಕ್ಷೆಯನ್ನು ಕಲ್ಲಿನಂಥ ಜಡತನವೆಂದು ತಿಳಿಯುವವರಿದ್ದಾರೆ. ಆ ತಿಳಿವಳಿಕೆ ಸರಿಯಲ್ಲ. ನಿರ್ವಿಕಾರನಾದ ಆತ್ಮನಿಗೆ ತಿತಿಕ್ಷೆಯ ಅಗತ್ಯವೇ ಇಲ್ಲ, ಅದು ಬೇಕಾದದ್ದು ತಾಪ ತಟ್ಟುವ ಮನಸ್ಸಿಗೆ. ಆ ಉಕ್ಕಿನಂತೆ, ತಟ್ಟಿದ ತಾಪದಲ್ಲೇ ಮನಸ್ಸು ತನ್ನ ಒಂದಂಶವನ್ನು ಬಿಟ್ಟುಕೊಟ್ಟು ಉಳಿದುದನ್ನು ಕಾಪಾಡುತ್ತದೆ. ಈ ಸಾಮರ್ಥ್ಯಕ್ಕೆ ಮೇರೆಯೂ ಉಂಟು. ಉಕ್ಕು ಕಾದು ಆರಿ ಮತ್ತೆ ಕಾಯುವಾಗ ಅದರ ಪೊರೆ ಬಿರಿಯುತ್ತದೆ, ಒಳಗಿನ ಕ್ರೋಮಿಯಂ ಮೇಲೆ ಬಂದು ಬಿರುಕನ್ನು ಮುಚ್ಚುತ್ತದೆ. ಹೀಗೆ ಮುಚ್ಚುತ್ತ ಹೋದಂತೆ ಪೊರೆಯ ಕೆಳಗೆ ಕ್ರೋಮಿಯಂ ಕಡಿಮೆಯಾಗಿ, ಕೊನೆಗೆ ಕಬ್ಬಿಣವೇ ಸುಡತೊಡಗುತ್ತದೆ. ಕಳೆದುಹೋದ ಕ್ರೋಮಿಯಂ ಅನ್ನು ಉಕ್ಕು ತಾನಾಗಿ ತುಂಬಿಕೊಳ್ಳಲಾರದು, ಮನಸ್ಸಾದರೋ ತನ್ನ ಬಲವನ್ನು ಮರಳಿ ತುಂಬಿಕೊಳ್ಳಬಲ್ಲದು. ಉಮದಿಯ ಪರಂಪರೆ ನಾಮಸ್ಮರಣೆಯನ್ನು ಒಮ್ಮೆ ಮಾಡಿ ಮುಗಿಸುವ ವ್ರತವಾಗಿಸದೆ ನಿತ್ಯದ ನೇಮವಾಗಿ ಇಟ್ಟುದರ ಅರ್ಥವನ್ನು ಈ ಭೇದದಲ್ಲಿ ಹುಡುಕಬೇಕು.